ಹಳೆಯ ಅಮೆರಿಕನ್ ಜಾಹೀರಾತುಗಳಲ್ಲಿ ಕಾರು ಅಷ್ಟು ಅಗಲ, ಮನುಷ್ಯರು ಅಷ್ಟು ಕುಳ್ಳು ಏಕೆ?

ರದ್ದಿ_ರಸಿಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ 1960ರ ದಶಕದ ನ್ಯಾಷನಲ್ ಜಿಯಾಗ್ರಫಿಕ್ ಸಂಚಿಕೆಗಳ ಒಂದು ಕಟ್ಟು ಸಿಕ್ಕಿತು. ಕೊಂಡದ್ದು ಲೇಖನಗಳಿಗಾಗಿಯೇ ಆದರೂ, ಮನೆಗೆ ತಂದ ಮೇಲೆ ಬಿಡದೆ ನೋಡುತ್ತ ಕುಳಿತದ್ದು ಮೊದಲ ಮತ್ತು ಕೊನೆಯ ಪುಟಗಳಲ್ಲಿರುವ ಕಾರಿನ ಜಾಹೀರಾತುಗಳನ್ನು.

ಅವುಗಳಲ್ಲಿ ಪಾಂಟಿಯಾಕ್ ಕಂಪನಿಯದೊಂದು ನನ್ನನ್ನು ಕಾಡುತ್ತಿದೆ. ಅದು ಛಾಯಾಚಿತ್ರವಲ್ಲ, ಕೈಯಿಂದ ಬರೆದ ಬಣ್ಣದ ಚಿತ್ರ. ಕಾರನ್ನು ನೇರ ಮುಂದಿನಿಂದ ತೋರಿಸಿದ್ದಾರೆ. ಪುಟದ ಈ ಅಂಚಿನಿಂದ ಆ ಅಂಚಿನವರೆಗೆ ಬರೀ ಕಾರೇ. ಬಾನೆಟ್ಟಿನ ಮೇಲೆ ಎರಡು ಮಂಚ ಹಾಕಿ ಮಲಗಬಹುದು, ಅಷ್ಟು ಅಗಲವಿದೆ. ಹಿಂದೆ ಯಾವುದೋ ಸಮುದ್ರತೀರದ ಹೋಟೆಲಿನ ಮೆಟ್ಟಿಲು, ದೀಪಗಳು. ಬಾಗಿಲ ಬಳಿ ಕಪ್ಪು ಸೂಟಿನ ಒಬ್ಬ ಮಹನೀಯರು ಮತ್ತು ಹೆಗಲ ಮೇಲೆ ಶಾಲು ಹೊದ್ದ ಒಬ್ಬ ಮಹಿಳೆ ನಿಂತಿದ್ದಾರೆ. ಕಾರಿನ ಪಕ್ಕದಲ್ಲಿ ಇಬ್ಬರೂ ಶಾಲೆಯ ಮಕ್ಕಳಂತೆ ಕಾಣುತ್ತಾರೆ. ಭೂತಗನ್ನಡಿ ಹಿಡಿದು ನೋಡಿದಾಗ ಚಿತ್ರದ ಮೂಲೆಯಲ್ಲಿ ಎ.ಎಫ್., ವಿ.ಕೆ. ಎಂಬ ನಾಲ್ಕು ಸಣ್ಣ ಅಕ್ಷರಗಳು ಕಂಡವು.

ಇದು ಚಿತ್ರಕಾರನ ಕೈತಪ್ಪೇ, ಮುದ್ರಣದಲ್ಲಿ ಆದ ಎಡವಟ್ಟೇ, ಅಥವಾ ಬೇಕೆಂದೇ ಮಾಡಿದ್ದೇ? ಮನೆಯಲ್ಲಿ ಇದನ್ನು ತೋರಿಸಿದಾಗ ನಮ್ಮ ಭಾವನವರು ಕಾರು ಜಾಹೀರಾತಿನ ತಪ್ಪೆಂದರೆ ಷೆವರ್ಲೆ ನೋವಾದ್ದೇ ತಪ್ಪು ಎಂದು ಆರಂಭಿಸಿ, ಸ್ಪ್ಯಾನಿಷ್ ಭಾಷೆಯಲ್ಲಿ 'ನೋ ವಾ' ಎಂದರೆ 'ಹೋಗುವುದಿಲ್ಲ' ಎಂದಾದುದರಿಂದ ಆ ಕಾರನ್ನು ಲ್ಯಾಟಿನ್ ಅಮೆರಿಕದಲ್ಲಿ ಒಬ್ಬರೂ ಕೊಳ್ಳಲಿಲ್ಲವೆಂದು ಅರ್ಧ ಗಂಟೆ ವಿವರಿಸಿದರು. ಅದು ನಿಜವೇ? ಇಂಥ ವಿಚಿತ್ರಗಳು ಇನ್ನೂ ಇದ್ದರೆ ತಿಳಿಸಿ. ವಾಟ್ಸಪ್ಪಿನಲ್ಲಿ ಸುತ್ತುವ ಕತೆಗಳಲ್ಲ, ಖಚಿತವಾಗಿ ನಡೆದವು ಬೇಕು.

ಬೋರ್ಡು_ಬರೆಯುವವ:

ಮಾನ್ಯರೇ, ನಿಮ್ಮ ನಾಲ್ಕು ಅಕ್ಷರಗಳಿಂದಲೇ ಆರಂಭಿಸುತ್ತೇನೆ. ಎ.ಎಫ್. ಎಂದರೆ ಆರ್ಟ್ ಫಿಟ್ಜ್‌ಪ್ಯಾಟ್ರಿಕ್, ವಿ.ಕೆ. ಎಂದರೆ ವ್ಯಾನ್ ಕಾಫ್‌ಮನ್. 1959ರಿಂದ 1971ರವರೆಗೆ ಪಾಂಟಿಯಾಕ್ ಜಾಹೀರಾತುಗಳ ಪ್ರಸಿದ್ಧ ಚಿತ್ರಗಳನ್ನು ಬರೆದವರು ಇವರಿಬ್ಬರು. ಕೆಲಸದ ಹಂಚಿಕೆ ಬಹಳ ಸ್ಪಷ್ಟವಾಗಿತ್ತು: ಕಾರು ಫಿಟ್ಜ್‌ಪ್ಯಾಟ್ರಿಕ್ಕರದು, ಹಿಂದಿನ ಹೋಟೆಲು, ಸಮುದ್ರ, ಮನುಷ್ಯರೆಲ್ಲ ಹಿಂದೆ ಡಿಸ್ನಿ ಸ್ಟುಡಿಯೋದಲ್ಲಿ ಕೆಲಸ ಮಾಡಿ ಬಂದಿದ್ದ ಕಾಫ್‌ಮನ್ನರದು. ಒಂದೇ ಚಿತ್ರದಲ್ಲಿ ಕಾರು ಒಂದು ಲೋಕದ್ದೂ ಜನರು ಇನ್ನೊಂದು ಲೋಕದವರೂ ಆಗಿ ನಿಮಗೆ ಕಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಅಗಲದ ವಿಷಯ. ಅದು ಕೈತಪ್ಪು ಖಂಡಿತ ಅಲ್ಲ. ಫಿಟ್ಜ್‌ಪ್ಯಾಟ್ರಿಕ್ ಕಾರಿನ ವಿನ್ಯಾಸವನ್ನೂ ಮಾಡಿದವರು. ಎರಡನೆಯ ಮಹಾಯುದ್ಧಕ್ಕೆ ಮೊದಲು ಪ್ಯಾಕರ್ಡ್ ಕಾರುಗಳಿಗಾಗಿ ಕೆಲಸ ಮಾಡಿದ್ದರು. ಕಾರಿನ ಪ್ರಮಾಣ ಏನೆಂಬುದು ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಗೊತ್ತಿದ್ದೇ ಹಿಗ್ಗಿಸಿದರು. 1959ರ ಪಾಂಟಿಯಾಕಿಗೆ ಹೊಸದಾಗಿ ಅಗಲವಾದ ಒಡಲನ್ನು ರೂಪಿಸಿದಾಗ, ಹಳೆಯ ಅಳತೆಯ ಚಕ್ರಗಳು ಅದರಡಿಯಲ್ಲಿ ತೀರ ಒಳಗೆ ಸೇರಿಕೊಂಡು, ಕಾರು ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಕಾಣತೊಡಗಿತಂತೆ. ಆಗ ಪಾಂಟಿಯಾಕಿನ ಮುಖ್ಯಸ್ಥರಾಗಿದ್ದ ಸೀಮನ್ ನೂಡ್ಸನ್ ಅವರು ಎಡಬಲ ಚಕ್ರಗಳ ನಡುವಣ ಅಂತರವನ್ನು ಸುಮಾರು 5 ಅಂಗುಲ ಹೆಚ್ಚಿಸಿದರು. 'ವೈಡ್ ಟ್ರ್ಯಾಕ್' ಎಂಬ ಘೋಷಣೆ ಹುಟ್ಟಿದ್ದು ಹೀಗೆ. ನನಗೆ ಇದರಲ್ಲಿ ಎಲ್ಲಕ್ಕಿಂತ ತಮಾಷೆಯಾಗಿ ಕಾಣುವುದು ಇದು: ಘೋಷಣೆ ಅಪ್ಪಟ ನಿಜ, ಕಾರು ಹಿಂದಿನದಕ್ಕಿಂತ ನಿಜವಾಗಿಯೂ ಅಗಲವಾಗಿತ್ತು, ಆ ನಿಜವನ್ನು ಹೇಳಲು ಚಿತ್ರ ಮಾತ್ರ ಸುಳ್ಳು ಹೇಳಬೇಕಾಯಿತು. 5 ಅಂಗುಲವನ್ನು ಇದ್ದ ಹಾಗೆಯೇ ಬರೆದರೆ ಪುಟ ತಿರುವುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ನಾನು ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಅಂಗಡಿ ಬೋರ್ಡು, ಗೋಡೆ ಜಾಹೀರಾತು ಬರೆದವನು. ಒಮ್ಮೆ ಟ್ರ್ಯಾಕ್ಟರ್ ಮಾರುವವರೊಬ್ಬರಿಗೆ ರಸ್ತೆ ಬದಿಯ ಗೋಡೆಯ ಮೇಲೆ ಚಿತ್ರ ಬರೆಯುತ್ತಿದ್ದಾಗ, ಅವರು ಪ್ರತಿದಿನ ಸಂಜೆ ಬಂದು ಹಿಂದಿನ ಗಾಲಿ ಇನ್ನೂ ಸ್ವಲ್ಪ ದೊಡ್ಡದಾಗಲಿ ಎನ್ನುತ್ತಿದ್ದರು. ಗಾಲಿ ಬೆಳೆಯುತ್ತ ಹೋದ ಹಾಗೆ ಮೊದಲೇ ಬರೆದು ಮುಗಿಸಿದ್ದ ರೈತನನ್ನು ಪುನಃ ಬರೆಯಲು ಹಣ ಕೊಡಲಿಲ್ಲವಾದುದರಿಂದ, ಕೊನೆಗೆ ಮೀಸೆ ಹೊತ್ತ ಹತ್ತು ವರ್ಷದ ಹುಡುಗನೊಬ್ಬ ಟ್ರ್ಯಾಕ್ಟರ್ ಓಡಿಸುತ್ತಿದ್ದಾನೆ ಎಂಬಂತಾಯಿತು. ಆ ಗೋಡೆಯನ್ನು ನೋಡಿ ನಕ್ಕವರು ಚಿತ್ರಕಾರನಿಗೆ ಅಳತೆ ಬರುವುದಿಲ್ಲವೆಂದೇ ತಿಳಿದಿರಬೇಕು.

ಅಮೆರಿಕದಲ್ಲಿ ಕೆಲಸ ಇದಕ್ಕಿಂತ ನಾಜೂಕಾಗಿತ್ತು, ಉಪಾಯ ಮಾತ್ರ ಇದೇ. ಕಾರನ್ನು ಉದ್ದವಾಗಿಸು, ಇಲ್ಲವೇ ಪಕ್ಕದಲ್ಲಿರುವ ಮನುಷ್ಯರನ್ನು ಕಿರಿದಾಗಿಸು. ಛಾಯಾಚಿತ್ರಗಳಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಮುದ್ರಿಸಿದ ಚಿತ್ರವನ್ನು ಕತ್ತರಿಸಿ, ತುಂಡುಗಳನ್ನು ಸ್ವಲ್ಪ ದೂರ ದೂರ ಅಂಟಿಸಿ, ನಡುವಣ ಖಾಲಿ ಜಾಗವನ್ನು ಏರ್‌ಬ್ರಷ್ಷಿನಿಂದ ತುಂಬಿ, ಅದನ್ನೇ ಪುನಃ ಛಾಯಾಚಿತ್ರ ತೆಗೆಯುತ್ತಿದ್ದರು. ಹಳೆಯ ಜಾಹೀರಾತುಗಳಲ್ಲಿ ಸೀಟಿಗೂ ಸ್ಟಿಯರಿಂಗಿಗೂ ಹೊಂದಿಕೆಯಿಲ್ಲದ ಬಾಗಿಲು ಕಂಡರೆ ಅಂಟಿಸಿದ ಜಾಗ ಅಲ್ಲೇ ಎಲ್ಲೋ ಇರುತ್ತದೆ.

ಇದು ದೊಡ್ಡ ಕಾರುಗಳ ರೋಗ ಮಾತ್ರ ಎಂದುಕೊಳ್ಳಬೇಡಿ. ಫೋಕ್ಸ್‌ವ್ಯಾಗನ್ ಬೀಟಲ್ ಗುಂಡುಗುಂಡಾದ ಪುಟ್ಟ ಕಾರಲ್ಲವೇ? 1950ರ ದಶಕದಲ್ಲಿ ಜರ್ಮನಿಯ ಬೆರ್ನ್ಟ್ ರಾಯ್ಟರ್ಸ್ ಎಂಬ ಚಿತ್ರಕಾರರು ಆ ಕಂಪನಿಯ ಪರಿಚಯಪತ್ರಗಳಿಗೆ ಬರೆದ ಚಿತ್ರಗಳನ್ನು ಹುಡುಕಿ ನೋಡಿ. ಬೀಟಲ್ ಗಾಳಿಯಲ್ಲಿ ಎಳೆದ ಬೆಲ್ಲದ ಪಾಕದಂತೆ ಉದ್ದವಾಗಿದೆ. ಒಳಗೆ ಗೊಂಬೆಗಳಷ್ಟೇ ಇರುವ ಒಂದು ಸಂಸಾರ, ಕಾಲು ಚಾಚಿಕೊಂಡು, ಸಭಾಭವನದಲ್ಲಿ ಕುಳಿತಂತೆ ಕುಳಿತಿದೆ.

ಲ್ಯಾನ್ಸಿಂಗ್_ಕನ್ನಡಿಗ:

ಬೋರ್ಡು ಬರೆಯುವವರ ಮಾತಿಗೆ ಒಂದು ಸಣ್ಣ ಸೇರ್ಪಡೆ. ಫಿಟ್ಜ್‌ಪ್ಯಾಟ್ರಿಕ್ 2015ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲು, 2005 ಮತ್ತು 2008ರಲ್ಲಿ, 1950ರ ದಶಕದ ಕಾರುಗಳ ಅಂಚೆಚೀಟಿಗಳ ಚಿತ್ರಗಳನ್ನು ಅಮೆರಿಕದ ಅಂಚೆ ಇಲಾಖೆ ಅವರಿಂದಲೇ ಬರೆಸಿತು. ನಾನು ಮಿಷಿಗನ್ ರಾಜ್ಯದಲ್ಲಿದ್ದೇನೆ. ಇಲ್ಲಿನ ಹಳೆಯ ಕಾರುಗಳ ಮೇಳಗಳಲ್ಲಿ ಆ ಪಾಂಟಿಯಾಕ್ ಪುಟಗಳಿಗೆ ಕಟ್ಟು ಹಾಕಿಸಿ ಮಾರುತ್ತಾರೆ. ಜಾಹೀರಾತನ್ನು ಜನ ದುಡ್ಡು ಕೊಟ್ಟು ಕೊಳ್ಳುವುದೂ ಒಂದು ವಿಚಿತ್ರವೇ.

ಈಗ ನಿಮ್ಮ ಭಾವನವರ ನೋವಾ. ದಯವಿಟ್ಟು ಅವರಿಗೆ ಬೇಸರವಾಗದಂತೆ ತಿಳಿಸಿ, ಆ ಕತೆ ಸುಳ್ಳು. ನೋವಾ ಮೆಕ್ಸಿಕೊದಲ್ಲಿಯೂ ವೆನೆಜುವೆಲಾದಲ್ಲಿಯೂ ಚೆನ್ನಾಗಿಯೇ ಮಾರಾಟವಾದ ಕಾರು. ಮೆಕ್ಸಿಕೊದ ಸರ್ಕಾರಿ ತೈಲ ಕಂಪನಿ ಪೆಮೆಕ್ಸ್ ತನ್ನ ಪೆಟ್ರೋಲನ್ನೇ ನೋವಾ ಎಂಬ ಹೆಸರಿನಲ್ಲಿ ಮಾರುತ್ತಿತ್ತು. 'ಹೋಗುವುದಿಲ್ಲ' ಎಂದು ಕೇಳಿಸುವ ಹಾಗಿದ್ದರೆ ಆ ದೇಶದವರೇ ತಮ್ಮ ಇಂಧನಕ್ಕೆ ಅಂಥ ಹೆಸರಿಡುತ್ತಿದ್ದರೇ? ಹೆಸರಿನಲ್ಲಿ ಒತ್ತು ಬೀಳುವುದು ಮೊದಲ ಅಕ್ಷರದ ಮೇಲೆ, 'ನೋ ವಾ' ಎಂಬ ವಾಕ್ಯದಲ್ಲಿ ಒತ್ತು ಬೀಳುವುದು ಕೊನೆಗೆ. ಕಿವಿಗೆ ಅವೆರಡೂ ಬೇರೆ ಬೇರೆ. ನಾವು ದಿನಕ್ಕೆ ಹತ್ತು ಸಲ 'ಬೇಡಿಕೆ' ಎನ್ನುತ್ತೇವೆ. ಅದರೊಳಗೆ 'ಬೇಡ' ಅವಿತುಕೊಂಡಿದೆಯೆಂದು ಯಾವ ಅಂಗಡಿಯವರಾದರೂ ಬಾಗಿಲು ಮುಚ್ಚಿದ್ದುಂಟೇ?

ಹೆಸರಿನ ಎಡವಟ್ಟೇ ಬೇಕಾದರೆ ನಿಜವಾದವೂ ಇವೆ. ರೋಲ್ಸ್ ರಾಯ್ಸ್ ಕಂಪನಿ 1965ರಲ್ಲಿ ಹೊರತಂದ ಸಿಲ್ವರ್ ಶ್ಯಾಡೋ ಕಾರಿಗೆ ಮೊದಲು ಯೋಚಿಸಿದ್ದ ಹೆಸರು ಸಿಲ್ವರ್ ಮಿಸ್ಟ್, ಅಂದರೆ ಬೆಳ್ಳಿಯ ಮಂಜು. ಜರ್ಮನ್ ಭಾಷೆಯಲ್ಲಿ ಮಿಸ್ಟ್ ಎಂದರೆ ಕೊಟ್ಟಿಗೆಯ ಗೊಬ್ಬರ. ಮಿತ್ಸುಬಿಷಿಯ ಪಜೆರೋ ಸ್ಪ್ಯಾನಿಷ್ ಮಾತನಾಡುವ ನಾಡುಗಳಲ್ಲಿ ಅಶ್ಲೀಲ ಬೈಗುಳವಾದುದರಿಂದ ಅಲ್ಲಿ ಅದು ಮೊಂಟೆರೋ ಎಂಬ ಹೆಸರಿನಲ್ಲಿ ಹೋಯಿತು. ನಮ್ಮ ಊರುಗಳಲ್ಲಿ ಮಾತ್ರ ಹಿರಿಯರೂ ಕಿರಿಯರೂ ಅದೇ ಹೆಸರನ್ನು ಯಾವ ಸಂಕೋಚವೂ ಇಲ್ಲದೆ ಕರೆದರು.

ಹೆಸರಿಡುವುದರಲ್ಲಿ ಫೋರ್ಡ್ ಕಂಪನಿಗೆ ಸಿಕ್ಕಿದಷ್ಟು ಸಲಹೆ ಬೇರೆ ಯಾರಿಗೂ ಸಿಕ್ಕಿರಲಾರದು. 1955ರಲ್ಲಿ ಹೊಸ ಕಾರಿಗೆ ಹೆಸರು ಸೂಚಿಸಬೇಕೆಂದು ಅವರು ಮೇರಿಯಾನ್ ಮೂರ್ ಎಂಬ ಪ್ರಸಿದ್ಧ ಕವಯಿತ್ರಿಯನ್ನು ಕೇಳಿಕೊಂಡರು. ಆಕೆ ಬಹಳ ಶ್ರದ್ಧೆಯಿಂದ ಪತ್ರದ ಮೇಲೆ ಪತ್ರ ಬರೆದು ಕಳುಹಿಸಿದ ಹೆಸರುಗಳಲ್ಲಿ 'ಬುದ್ಧಿವಂತ ಗುಂಡು' ಎಂಬ ಅರ್ಥದ್ದೊಂದು, ಮುಂಗುಸಿಯನ್ನು ಒಳಗೊಂಡ 'ಮಂಗೂಸ್ ಸಿವೀಕ್' ಒಂದು, ಮತ್ತು ಎಲ್ಲರಿಗೂ ಇಂದಿಗೂ ನೆನಪಿರುವ 'ಯುಟೋಪಿಯನ್ ಟರ್ಟಲ್‌ಟಾಪ್' ಒಂದು. ಟರ್ಟಲ್ ಎಂದರೆ ಆಮೆಯಲ್ಲವೇ, ಓಡಬೇಕಾದ ಗಾಡಿಗೆ ಆಮೆಯ ಹೆಸರು! ಕಂಪನಿ ಇವೆಲ್ಲವನ್ನೂ ಬದಿಗಿಟ್ಟು ಹೆನ್ರಿ ಫೋರ್ಡರ ತೀರಿಹೋದ ಮಗನ ಹೆಸರನ್ನು, ಎಡ್ಸೆಲ್ ಎಂದು, ಇಟ್ಟಿತು. ಆ ಬಳಿಕದ ಜಾಹೀರಾತು ಇನ್ನೂ ವಿಚಿತ್ರ. ಕಾರು ಹೇಗಿದೆಯೆಂದು ತೋರಿಸದೆ, ಬಟ್ಟೆ ಮುಚ್ಚಿದ ಆಕೃತಿಗಳನ್ನು ತೋರಿಸಿ, ಎಡ್ಸೆಲ್ ಬರುತ್ತಿದೆ ಎಂದು ಮಾತ್ರ ಹೇಳುತ್ತಿದ್ದರು. 1957ರ ಸೆಪ್ಟೆಂಬರ್ 4ರಂದು ಬಟ್ಟೆ ಸರಿಸಿದಾಗ ಜನ ಕಾಯುತ್ತಿದ್ದದ್ದು ಯಾವುದೋ ಪವಾಡಕ್ಕೆ. ಕಂಡದ್ದು ಕುದುರೆಯ ಕೊರಳಪಟ್ಟಿಯಂಥ ಮೂತಿಯ ಒಂದು ಸಾಧಾರಣ ಕಾರು. 1959ರ ನವೆಂಬರಿನಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ನನ್ನ ಮಟ್ಟಿಗೆ ಇದೊಂದು ನಿಜವಾದ ಜಾಹೀರಾತಿನ ತಪ್ಪು. ಕಾರು ಅಷ್ಟು ಕೆಟ್ಟದ್ದೇನೂ ಆಗಿರಲಿಲ್ಲ, ಅದರ ಮುಂದೆ ಓಡಿದ ಡಂಗುರ ತೀರ ದೊಡ್ಡದಾಗಿತ್ತು.

ಗ್ರಾಹಕ_ಪರ:

ಗೆಳೆಯರು ಹಿಗ್ಗಿಸಿ ಬರೆದ ಚಿತ್ರಗಳನ್ನು ಕಲೆಯೆಂದು ಮೆಚ್ಚುತ್ತಿರುವುದಕ್ಕೆ ನನ್ನ ಪೂರ್ತಿ ಒಪ್ಪಿಗೆಯಿಲ್ಲ. ಅದೇ ಕೈಚಳಕ ಕ್ಯಾಮೆರಾದ ಮುಂದೆ ನಡೆದಾಗ ಅಮೆರಿಕದ ಸರ್ಕಾರ ಅದನ್ನು ತಮಾಷೆಯೆಂದು ಬಿಡಲಿಲ್ಲ. ಲಿಬ್ಬಿ ಓವೆನ್ಸ್ ಫೋರ್ಡ್ ಎಂಬ ಗಾಜಿನ ಕಂಪನಿಯೂ ಜನರಲ್ ಮೋಟರ್ಸ್ ಕಂಪನಿಯೂ ಸೇರಿ ಟಿವಿಯಲ್ಲಿ ಒಂದು ಜಾಹೀರಾತು ತೋರಿಸಿದವು. ಬೇರೆ ಕಾರುಗಳ ಕಿಟಕಿಯ ಗಾಜಿನ ಮೂಲಕ ನೋಡಿದರೆ ಹೊರಗಿನ ದೃಶ್ಯ ಡೊಂಕು, ಮಸುಕು. ಜನರಲ್ ಮೋಟರ್ಸ್ ಕಾರಿನ ಗಾಜಿನ ಮೂಲಕ ನೋಡಿದರೆ ಗಾಜೇ ಇಲ್ಲವೆಂಬಷ್ಟು ನಿಚ್ಚಳ. ವಿಚಾರಣೆಯಲ್ಲಿ ಹೊರಬಂದದ್ದೇನೆಂದರೆ, ಅಲ್ಲಿ ನಿಜಕ್ಕೂ ಗಾಜೇ ಇರಲಿಲ್ಲ! ಕಿಟಕಿಯನ್ನು ಕೆಳಗಿಳಿಸಿ ಚಿತ್ರೀಕರಿಸಿದ್ದರು. ಎದುರಾಳಿಯ ಗಾಜಿಗೆ ವ್ಯಾಸಲೀನ್ ಸವರಿದ್ದರು. ಫೆಡರಲ್ ಟ್ರೇಡ್ ಕಮಿಷನ್ ನೀಡಿದ ತಡೆಯಾಜ್ಞೆಯನ್ನು 1965ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು.

1990ರ ವೋಲ್ವೋ ಜಾಹೀರಾತನ್ನು ಹಳೆಯದೆನ್ನಬಹುದೋ ಇಲ್ಲವೋ, ಆದರೆ ಅದು ಈ ಗಾಜಿನ ತಮ್ಮನೇ. ಸಾಲಾಗಿ ನಿಲ್ಲಿಸಿದ ಕಾರುಗಳ ಮೇಲೆ ಆನೆಗಾಲಿನ ಲಾರಿಯೊಂದು ಹರಿದುಹೋದಾಗ ಎಲ್ಲವೂ ಅಪ್ಪಚ್ಚಿಯಾಗಿ ವೋಲ್ವೋ ಒಂದೇ ನೆಟ್ಟಗೆ ನಿಲ್ಲುತ್ತದೆ. ವೋಲ್ವೋದ ಚಾವಣಿಗೆ ಒಳಗಿನಿಂದ ಆಸರೆ ಕೊಟ್ಟಿದ್ದರು, ಉಳಿದ ಕಾರುಗಳ ಚಾವಣಿಯ ಕಂಬಗಳನ್ನು ಮೊದಲೇ ಗರಗಸದಿಂದ ಕೊಯ್ದಿಟ್ಟಿದ್ದರು. ಕಂಪನಿಯೂ ಅದರ ಜಾಹೀರಾತು ಸಂಸ್ಥೆಯೂ ತಲಾ 1,50,000 ಡಾಲರ್ ತೆರಬೇಕಾಯಿತು. ವೋಲ್ವೋ ನಿಜವಾಗಿಯೂ ಗಟ್ಟಿಮುಟ್ಟಾದ ಕಾರೆಂದು ಹೆಸರಾಗಿತ್ತು ಎಂಬುದೇ ಇಲ್ಲಿನ ವಿಪರ್ಯಾಸ.

ಬೋರ್ಡು_ಬರೆಯುವವ:

ಗ್ರಾಹಕ ಪರ ಅವರೇ, ಗಾಜಿಗೆ ವ್ಯಾಸಲೀನ್ ಸವರುವುದನ್ನು ನಾನೂ ಸಮರ್ಥಿಸುವುದಿಲ್ಲ. ಚಿತ್ರವನ್ನು ನೋಡುವವರಿಗೆ ಅದು ಚಿತ್ರವೆಂದು ಗೊತ್ತಿರುತ್ತದೆ, ಪರೀಕ್ಷೆಯೆಂದು ಹೇಳಿ ತೋರಿಸುವುದು ಬೇರೆ ವಿಷಯ. ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿರಬಹುದು.

ಶಾರದಾ_ಮೈಸೂರು:

ಇಲ್ಲಿಯವರೆಗಿನ ಉತ್ತರಗಳಲ್ಲಿ ಹೆಂಗಸರು ಕಾರಿನ ಪಕ್ಕದಲ್ಲಿ ಶಾಲು ಹೊದ್ದು ನಿಂತದ್ದೇ ಬಂದಿದೆಯಾದುದರಿಂದ, ಹೆಂಗಸರಿಗಾಗಿಯೇ ಮಾಡಿದ ಕಾರಿನ ಕತೆಯನ್ನು ನಾನು ಹೇಳಬೇಕಾಗಿದೆ. ಡಾಡ್ಜ್ ಕಂಪನಿ 1955ರಲ್ಲಿ 'ಲಾ ಫೆಮ್' ಎಂಬ ಮಾದರಿಯನ್ನು ಹೊರತಂದಿತು. ಫ್ರೆಂಚ್ ಭಾಷೆಯಲ್ಲಿ ಅದರ ಅರ್ಥ 'ಹೆಣ್ಣು'. ರಾಜಮನೆತನದ ವರ್ತಕರು ಅಂಗಡಿಯ ಮೇಲೆ ಬರೆಸಿಕೊಳ್ಳುವ ಮಾತನ್ನು ಅನುಕರಿಸಿ, ಇದು ಘನತೆವೆತ್ತ ಅಮೆರಿಕನ್ ಮಹಿಳೆಯ ವಿಶೇಷ ನೇಮಕದ ಮೇರೆಗೆ ಎಂದು ಅದರ ಪರಿಚಯಪತ್ರ ಸಾರುತ್ತಿತ್ತು. ಆದರೆ ಮಹಾರಾಣಿಯವರಿಗಾಗಿ ಎಂಜಿನ್ನಿನಲ್ಲಿ ಮಾಡಿದ ಬದಲಾವಣೆ ಏನೂ ಇಲ್ಲ. ಹೊರಗೆ ಗುಲಾಬಿ ಮತ್ತು ಬಿಳಿ ಬಣ್ಣ, ಸೀಟಿನ ಬಟ್ಟೆಯ ಮೇಲೆ ಗುಲಾಬಿ ಮೊಗ್ಗು. ಮುಂದಿನ ಸೀಟಿನ ಬೆನ್ನಿಗೆ ಎರಡು ಚೀಲ: ಒಂದರಲ್ಲಿ ಗುಲಾಬಿ ಬಣ್ಣದ ಚರ್ಮದ ಕೈಚೀಲ, ಅದರೊಳಗೆ ಲಿಪ್‌ಸ್ಟಿಕ್ ಡಬ್ಬಿ, ಪೌಡರ್ ಡಬ್ಬಿ, ಬಾಚಣಿಗೆ, ಸಿಗರೇಟು ಪೆಟ್ಟಿಗೆ, ಲೈಟರು, ಇನ್ನೊಂದರಲ್ಲಿ ಸೀಟಿನ ಬಟ್ಟೆಗೇ ಹೊಂದುವ ರೇನ್‌ಕೋಟು, ಟೋಪಿ, ಕೊಡೆ. ಮಳೆಯಲ್ಲಿ ಇಳಿದು ನಡೆದರೆ ಕಾರಿನ ಸೀಟೇ ಎದ್ದು ಹೋಗುತ್ತಿದೆಯೇನೋ ಎಂದು ನೋಡಿದವರು ಬೆರಗಾಗಬೇಕು.

1956ರಲ್ಲಿ ಬಣ್ಣ ತಿಳಿನೇರಳೆಯಾಯಿತು, ಕೈಚೀಲ ಮಾಯವಾಗಿ ಕೊಡೆ, ರೇನ್‌ಕೋಟು ಉಳಿದವು. ಆ ವರ್ಷದೊಂದಿಗೆ ಮಾದರಿಯೇ ನಿಂತುಹೋಯಿತು. ಇದನ್ನು ಯೋಚಿಸಿದವರು ಮನೆಯಲ್ಲಿ ಯಾರನ್ನಾದರೂ ಒಂದು ಮಾತು ಕೇಳಿದ್ದರೆ, ಸೀಟನ್ನು ಮುಂದಕ್ಕೆಳೆದುಕೊಂಡಾಗ ಕಾಲು ಸರಿಯಾಗಿ ಬ್ರೇಕಿಗೆ ಎಟಕುವುದು ಲಿಪ್‌ಸ್ಟಿಕ್ಕಿಗಿಂತ ಮುಖ್ಯವೆಂದು ಉತ್ತರ ಸಿಗುತ್ತಿತ್ತು. ನಾನು ನಲವತ್ತು ವರ್ಷದಿಂದ ಬೆನ್ನಿಗೆ ದಿಂಬು ಇಟ್ಟುಕೊಂಡೇ ಕಾರು ಓಡಿಸುತ್ತಿದ್ದೇನೆ.

ಸೋಜಿಗವೆಂದರೆ ಇದಕ್ಕಿಂತ ಮೂವತ್ತು ವರ್ಷ ಹಿಂದಿನ ಜಾಹೀರಾತೊಂದು ಹೆಣ್ಣನ್ನು ಹೆಚ್ಚು ಗೌರವದಿಂದ ಕಂಡಿತ್ತು. 1923ರಲ್ಲಿ ಕ್ಲೀವ್‌ಲ್ಯಾಂಡಿನ ನೆಡ್ ಜಾರ್ಡನ್ ತಮ್ಮ ಪ್ಲೇಬಾಯ್ ಕಾರಿಗೆ ಬರೆದ ಜಾಹೀರಾತು, ಲ್ಯಾರಮಿ ಊರಿನ ಪಶ್ಚಿಮಕ್ಕೆಲ್ಲೋ ಕುದುರೆ ಪಳಗಿಸಬಲ್ಲ ಹುಡುಗಿಯೊಬ್ಬಳಿದ್ದಾಳೆ ಎಂದು ಆರಂಭವಾಗುತ್ತದೆ. ಚಿತ್ರದಲ್ಲಿ ಅವಳು ಕಾರನ್ನು ಓಡಿಸುತ್ತಿದ್ದಾಳೆ, ಪಕ್ಕದಲ್ಲಿ ಕುದುರೆ ಸವಾರನೊಬ್ಬ ಪೈಪೋಟಿಗೆ ಬಿದ್ದಿದ್ದಾನೆ. ಎಂಜಿನ್ನಿನ ಶಕ್ತಿ ಎಷ್ಟು, ಬೆಲೆ ಎಷ್ಟು ಎಂಬ ಒಂದು ಮಾತೂ ಅದರಲ್ಲಿಲ್ಲ. ಆ ಕಾಲದ ಓದುಗರಿಗೆ ಕಾರನ್ನು ಮಾರುತ್ತಿದ್ದಾರೋ ಕತೆ ಹೇಳುತ್ತಿದ್ದಾರೋ ಎಂಬ ಅನುಮಾನ ಬಂದಿದ್ದರೆ ತಪ್ಪಲ್ಲ.

ಲ್ಯಾನ್ಸಿಂಗ್_ಕನ್ನಡಿಗ:

ಶಾರದಾ ಮೇಡಂ ಅವರ ಕೊನೆಯ ಮಾತಿನಿಂದ ಇನ್ನೆರಡು ನೆನಪಾದವು. ಫೋಕ್ಸ್‌ವ್ಯಾಗನ್ 1959ರಲ್ಲಿ ರಾಯ್ಟರ್ಸರ ಹಿಗ್ಗಿದ ಚಿತ್ರಗಳಿಗೆ ತದ್ವಿರುದ್ಧವಾದ ದಾರಿ ಹಿಡಿದು, ಖಾಲಿ ಬಿಳಿ ಪುಟದ ಮೂಲೆಯಲ್ಲಿ ಇರುವೆಯಂಥ ಕಾರನ್ನಿಟ್ಟು, ಸಣ್ಣದಾಗಿ ಯೋಚಿಸಿ ಎಂದಿತು. ಮರುವರ್ಷದ ಜಾಹೀರಾತಿನಲ್ಲಿ ಕಾರಿನ ಸಾದಾ ಛಾಯಾಚಿತ್ರದ ಕೆಳಗೆ ಒಂದೇ ಪದ: 'ಲೆಮನ್'. ಇಲ್ಲಿನ ಮಾತಿನಲ್ಲಿ ಲೆಮನ್ ಎಂದರೆ ಕೊಂಡವರ ತಲೆಗೆ ಕಟ್ಟಿದ ಕೆಟ್ಟ ಗಾಡಿ. ಅಚ್ಚಿನ ತಪ್ಪೆಂದು ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದರೆ, ಗ್ಲೋವ್ ಬಾಕ್ಸಿನ ಕ್ರೋಮ್ ಪಟ್ಟಿಯಲ್ಲಿ ಕಲೆಯಿದ್ದುದರಿಂದ ಈ ಕಾರನ್ನು ಕಾರ್ಖಾನೆಯ ತಪಾಸಣೆಯಲ್ಲೇ ತಿರಸ್ಕರಿಸಲಾಯಿತು ಎಂದಿರುತ್ತದೆ. ನಮ್ಮಲ್ಲಿ ಹೊಸ ಕಾರು ತಂದ ದಿನ ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ. ನನ್ನ ಮೊದಲ ಕಾರಿಗೆ ಅಮ್ಮನ ಮಾತಿನಂತೆ ಹಾಗೆ ಮಾಡಿದಾಗ, ನೆರೆಮನೆಯವರು ಬಂದು, ಕಾರು ಅಷ್ಟು ಬೇಗ ಕೈಕೊಟ್ಟಿತೇ ಎಂದು ಕನಿಕರದಿಂದ ವಿಚಾರಿಸಿದ್ದರು.

ಇನ್ನೊಂದು 1958ರ ರೋಲ್ಸ್ ರಾಯ್ಸ್ ಜಾಹೀರಾತು. ಗಂಟೆಗೆ 60 ಮೈಲಿ ವೇಗದಲ್ಲಿ ಈ ಕಾರಿನಲ್ಲಿ ಕೇಳುವ ಅತಿ ದೊಡ್ಡ ಸದ್ದು ವಿದ್ಯುತ್ ಗಡಿಯಾರದ್ದು ಎಂದು ಡೇವಿಡ್ ಒಗಿಲ್ವಿ ಬರೆದದ್ದು ಜಗತ್ಪ್ರಸಿದ್ಧ. ಆ ಮಾತು ಬ್ರಿಟಿಷ್ ಮೋಟಾರು ಪತ್ರಿಕೆಯೊಂದರಿಂದ ಎತ್ತಿಕೊಂಡದ್ದು. ಅದಕ್ಕೂ ಮೊದಲು 1933ರಲ್ಲಿ ಪಿಯರ್ಸ್ ಆ್ಯರೋ ಕಾರಿನ ಜಾಹೀರಾತು ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ಜಾಹೀರಾತನ್ನು ಓದಿದ ರೋಲ್ಸ್ ರಾಯ್ಸ್ ಎಂಜಿನಿಯರೊಬ್ಬರು ತಲೆಯಾಡಿಸಿ, ಆ ಹಾಳು ಗಡಿಯಾರಕ್ಕೆ ಏನಾದರೂ ಮಾಡಲೇಬೇಕು ಎಂದರಂತೆ.

ರದ್ದಿ_ರಸಿಕ:

ಎಲ್ಲರಿಗೂ ಧನ್ಯವಾದಗಳು. ಬೋರ್ಡು ಬರೆಯುವವರ ಉತ್ತರವನ್ನು ಓದಿದ ಮೇಲೆ ಸುಮ್ಮನಿರಲಾಗದೆ ಅಳತೆಪಟ್ಟಿ ಹಿಡಿದು ಕುಳಿತೆ. ಆ ಕಾಲದ ದೊಡ್ಡ ಪಾಂಟಿಯಾಕಿನ ಅಗಲ ಸುಮಾರು 80 ಅಂಗುಲ, ಎತ್ತರ ಸುಮಾರು 55 ಅಂಗುಲ. ಅಂದರೆ ಎತ್ತರದ ಒಂದೂವರೆ ಪಟ್ಟಿಗಿಂತ ಅಗಲ ತುಸು ಕಡಿಮೆಯೇ ಇರಬೇಕು. ನನ್ನ ಪುಟದಲ್ಲಿ ಅದು ಒಂದೂಮುಕ್ಕಾಲನ್ನು ದಾಟಿದೆ. ಕಾರಿನ ಎತ್ತರ ಸರಿಯಾಗಿದೆಯೆಂದು ಒಪ್ಪಿಕೊಂಡರೆ, ಆ ಲೆಕ್ಕದ ಪಾಂಟಿಯಾಕ್ ನಮ್ಮ ಬೀದಿಯ ತಿರುವಿನಲ್ಲಿ ಸಿಕ್ಕಿಕೊಂಡು ಹಾಲಿನ ಗಾಡಿಗೂ ದಾರಿ ಬಿಡುತ್ತಿರಲಿಲ್ಲ. ಅದೇ ಅಳತೆಯಲ್ಲಿ ಕಪ್ಪು ಸೂಟಿನ ಮಹನೀಯರು ಐದಡಿಗೂ ಕಡಿಮೆ; ಅವರು ಕಾರಿಗಿಂತ ಸ್ವಲ್ಪ ಹಿಂದೆ ನಿಂತಿರುವುದರಿಂದ ಒಂದೆರಡು ಅಂಗುಲದ ರಿಯಾಯಿತಿ ಕೊಡಬಹುದು.

ಭಾವನವರಿಗೆ 'ಬೇಡಿಕೆ'ಯ ಉದಾಹರಣೆಯನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಮೌನವಾಗಿದ್ದು ನೋವಾವನ್ನು ಕೈಬಿಟ್ಟರು. ಆದರೆ ನಿನ್ನೆ ಒಂದು ಆರತಕ್ಷತೆಯಲ್ಲಿ ಊಟಕ್ಕೆ ಕುಳಿತಾಗ, ಹೊಸದಾಗಿ ಕೊಂಡ ತಮ್ಮ ಕಾರಿನಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲವೆಂದು ಎದುರಿನ ಪಂಕ್ತಿಯವರಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದೆ. ಆ ಕಾರಿನಲ್ಲಿರುವುದು ಅಂಕಿ ತೋರಿಸುವ ಗಡಿಯಾರ. ಅದಕ್ಕೆ ಸದ್ದೇ ಇಲ್ಲ.